ಬೇಯಿಸಿದ ಮೌತ್‌ಪೀಸೂ ಒಂದೂವರೆ ನಂಬರಿನ ರೀಡೂ

ಕ್ಲಾರಿನೆಟ್ ಕೇಳಿಕೊಂಡು ಅಂಗಡಿಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡಿ. ವಾದ್ಯ ಆಮೇಲೆ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದವರ ಬಾಯಿ ಒಣಗಿರುತ್ತದೆ. ಒಣಗಿದ ತುಟಿಗೆ ಯಾವ ರೀಡ್ ಇಟ್ಟರೂ ಕಿರುಚುತ್ತದೆ, ಅವರು "ನಿಮ್ಮ ಮಾಲು ಸರಿಯಿಲ್ಲ" ಎಂದು ಎದ್ದು ಹೋಗುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನ ಒಂದು ವಾದ್ಯದಂಗಡಿಗೆ ನಾನು ತಲೆಗೂದಲು ಕಪ್ಪಗಿದ್ದಾಗ ಸೇರಿದೆ, ಬೆಳ್ಳಗಾದ ಮೇಲೆ ಬಿಟ್ಟೆ. ಈಗ ಅಂಥ ಕೌಂಟರಿನ ಹಿಂದೆ ನಿಲ್ಲಲು ಹೊರಟಿರುವ ಹುಡುಗ ಹುಡುಗಿಯರಿಗೆ ನಾನು ಕೊಡಬಲ್ಲ ದೊಡ್ಡ ಉಪದೇಶ ಈ ನೀರಿನ ಲೋಟವೇ. ಉಳಿದದ್ದೆಲ್ಲ ಕಥೆ. ಕಥೆ ಹೇಳುವುದನ್ನು ಕಲಿಸಿದವಳು ನಮ್ಮಜ್ಜಿ. ಅವರೆಕಾಯಿ ಸುಲಿಯುತ್ತ ಶುರುಮಾಡಿದರೆ ಮೊರ ತುಂಬುವ ತನಕ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ನನ್ನ ಮೊರವೂ ಸಣ್ಣದೇನಲ್ಲ, ಆರಾಮವಾಗಿ ಕೂತುಕೊಳ್ಳಿ.

ನಮ್ಮ ಯಜಮಾನರು ಶ್ರೀಕಂಠಯ್ಯನವರಿಗೆ ಪೀಪಿ ಊದಲೂ ಬರುತ್ತಿರಲಿಲ್ಲ. ಅದನ್ನೇ ದೊಡ್ಡ ಅರ್ಹತೆ ಎಂದುಕೊಂಡಿದ್ದರು. "ಊದೋಕೆ ಬರೋನು ಮಾರೋಕಾಗಲ್ಲಮ್ಮ. ತನ್ನದೇ ತಾನು ಕೇಳ್ಕೊಂಡು ಕಣ್ಣುಮುಚ್ಚಿ ಕೂತುಬಿಡ್ತಾನೆ" ಎನ್ನುತ್ತಿದ್ದರು. ಡೋಲಿನ ಸದ್ದಿಗೆ ನಾನು ಬೆಚ್ಚಿಬೀಳುವುದನ್ನು ನೋಡಿ ಸೇರಿದ ವಾರವೇ ಕ್ಲಾರಿನೆಟ್ಟಿನ ಕಪಾಟಿನ ಮುಂದೆ ನಿಲ್ಲಿಸಿದರು. ಅಲ್ಲಿಂದ ನಾನು ಅಲುಗಲಿಲ್ಲ.

ಕೆಲಸ ಏನೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕ್ಲಾರಿನೆಟ್ಟಿನ ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಕಪ್ಪು ತುಂಡೊಂದಿರುತ್ತದೆ. ಅದೇ ಮೌತ್‌ಪೀಸ್. ಅದರ ಮೇಲೆ ಬಿಗಿಯುವ ತೆಳ್ಳನೆಯ ಜೊಂಡಿನ ಚಕ್ಕೆ ರೀಡ್. ಕೊಕ್ಕಿಗೂ ಚಕ್ಕೆಗೂ ನಡುವೆ ಕೂದಲೆಳೆಯಷ್ಟು ಸಂದು. ಉಸಿರು ಆ ಸಂದಿನಲ್ಲಿ ನುಗ್ಗುವಾಗ ಚಕ್ಕೆ ಪಟಪಟ ಬಡಿದು ನಾದ ಹುಟ್ಟುತ್ತದೆ. ಅರ್ಧ ತೆರೆದ ಕಿಟಕಿಯನ್ನು ನೆನಪು ಮಾಡಿಕೊಳ್ಳಿ. ಕಿಟಕಿ ಅಗಲವಾಗಿ ತೆರೆದಿದ್ದು ಬಾಗಿಲು ತೇಗದ ಹಲಗೆಯಾದರೆ ಅದನ್ನು ಬಡಿಯಲು ಬಿರುಗಾಳಿಯೇ ಬೇಕು. ಅಂಥ ಕಡೆ ಹಗುರವಾದ ಬಾಗಿಲಿರಬೇಕು. ಸಂದು ಕಿರಿದಾಗಿದ್ದರೆ ಗಟ್ಟಿ ಬಾಗಿಲಾದರೂ ನಡೆಯುತ್ತದೆ. ಅಗಲ ಸಂದಿಗೆ ಮೆದು ರೀಡ್, ಕಿರಿ ಸಂದಿಗೆ ಗಟ್ಟಿ ರೀಡ್. ರೀಡಿನ ಗಟ್ಟಿತನಕ್ಕೆ ನಂಬರ್ ಹಾಕಿರುತ್ತಾರೆ: ಒಂದೂವರೆ ಎಂದರೆ ಹೂವು, ನಾಲ್ಕು ಎಂದರೆ ಹಲಗೆ. ಇಷ್ಟೇ ಶಾಸ್ತ್ರ. ಆದರೆ ಊದುವವರ ಬಾಯಿ ಒಂದೊಂದು ಒಂದೊಂದು ತರಹ ಇರುವುದರಿಂದ ಈ ಶಾಸ್ತ್ರ ಬೆಳಿಗ್ಗೆ ಬಾಗಿಲು ತೆಗೆದ ಅರ್ಧ ಗಂಟೆಗೇ ಕೈಕೊಡುತ್ತಿತ್ತು.

ಹೊಸ ಮಾಲು ಬಂದರೆ ಪರದೆಯ ಹಿಂದೆ ಹೋಗಿ ಮೌತ್‌ಪೀಸನ್ನಷ್ಟೇ ಊದಿ ನೋಡುತ್ತಿದ್ದೆ. ವಾದ್ಯವಿಲ್ಲದ ಬರೀ ಮೌತ್‌ಪೀಸು ಬಾತುಕೋಳಿಯ ಹಾಗೆ ಕೂಗುತ್ತದೆ. ಪಕ್ಕದ ಬಳೆ ಅಂಗಡಿಯಾಕೆ ಗೋಡೆಯಾಚೆಯಿಂದಲೇ ಕೇಳುತ್ತಿದ್ದಳು: "ಅಕ್ಕಾ, ನಿಮ್ಮ ಬಾತುಕೋಳಿಗೆ ಇವತ್ತೂ ತಿಂಡಿ ಹಾಕಿಲ್ವಾ?"

ನಂಬರಿನ ಹುಚ್ಚು ಆಗ ಹೇಗಿತ್ತು ಅಂತೀರಿ! ಮದುವೆ ಮನೆಗಳಲ್ಲಿ ಊದುವ ಕಲಾವಿದರು ರೀಡಿನ ನಂಬರನ್ನು ಪೈಲ್ವಾನರು ಎತ್ತುವ ಗುಂಡುಕಲ್ಲಿನಂತೆ ಲೆಕ್ಕ ಹಾಕುತ್ತಿದ್ದರು. ಎರಡೂವರೆ ಊದುವವನಿಗೆ ಮೂರು ಊದುವವನ ಮುಂದೆ ಮಾತೇ ಹೊರಡದು. ಅವರಿಗೆಲ್ಲ ತಲೆಯಾಳು ಸಿದ್ದಾಪುರದ ಮುನಿಸ್ವಾಮಪ್ಪ. ಕಪ್ಪು ಕೋಟು, ಹಣೆಯಲ್ಲಿ ದಪ್ಪ ಕುಂಕುಮ, ಜೇಬಿನಲ್ಲಿ ಪೆನ್ನಿನ ಬದಲು ರೀಡು, ಅದೂ ನಂಬರ್ ಹೊರಗೆ ಕಾಣುವ ಹಾಗೆ. ಊರೆಲ್ಲ ಅವರನ್ನು "ನಾಲ್ಕು ನಂಬರ್ ಮುನಿಸ್ವಾಮಪ್ಪ" ಎಂದೇ ಕರೆಯುತ್ತಿತ್ತು. ನಮ್ಮಲ್ಲಿಗೆ ಬಂದರೆ ಒಳಗೆ ಕಾಲಿಡುವ ಮುಂಚೆಯೇ, "ಏನವ್ವಾ, ನಮ್ಮ ನಾಲ್ಕು ನಂಬರ್ ಬಂತಾ?" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಕೌಂಟರಿನಲ್ಲಿ ಬೇರೆ ಊದುವವರಿದ್ದರೆ ಇನ್ನೊಂದು ಸಲ ಕೂಗುತ್ತಿದ್ದರು.

ಇನ್ನು ಎಂಜಲಿನ ಕಥೆ. ಬಾಯಿಗಿಟ್ಟು ನೋಡದೆ ಮೌತ್‌ಪೀಸ್ ಆರಿಸಲಾಗದು. ಒಬ್ಬರು ಬಾಯಿಗಿಟ್ಟದ್ದನ್ನು ನಮ್ಮ ಜನ ಕೊಳ್ಳುವುದಿಲ್ಲ. ಈ ಎರಡರ ನಡುವೆಯೇ ನಾನು ಜೀವನ ಸವೆಸಿದ್ದು. ಡೆಟಾಲ್ ಬೆರೆಸಿದ ತಣ್ಣೀರು, ಒಗೆದ ತೆಳ್ಳನೆಯ ಮಲ್ಲು ಬಟ್ಟೆ, ಊದಿ ನೋಡುವವರಿಗೇ ಬೇರೆ ರೀಡು, ಎಲ್ಲ ಇಟ್ಟಿದ್ದೆ. ಆದರೂ ಪದ್ಮನಾಭನಗರದ ವನಜಾಕ್ಷಮ್ಮನವರಿಗೆ ಸಮಾಧಾನವಾಗಲಿಲ್ಲ. ಮಗನ ಶಾಲೆಯ ಬ್ಯಾಂಡಿಗೆಂದು ಒಂದು ಮೌತ್‌ಪೀಸನ್ನು ಆರಿಸಿದವರು ಮೂಸಿ ನೋಡಿದರು, ಬೆಳಕಿಗೆ ಹಿಡಿದರು.

"ಇದನ್ನ ಯಾರೂ ಊದಿಲ್ಲ ತಾನೇ?"

"ನಾನು ಊದಿ ನೋಡಿದೀನಿ ಮೇಡಂ. ಆಮೇಲೆ ತೊಳೆದಿದೀನಿ."

"ನೀವು ಕಾಫಿ ಕುಡಿಯೋವ್ರಾ?"

"ಕುಡೀತೀನಿ."

"ಹಾಗಾದ್ರೆ ಪರವಾಗಿಲ್ಲ," ಎಂದು ಯಾವ ಲೆಕ್ಕದಲ್ಲೋ ತೀರ್ಮಾನಿಸಿ ಕೊಂಡುಹೋದರು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಕೆಟ್ಟ ಮೊಟ್ಟೆಯ ನಾತ. ಒಳಗೆ ಪಾಚಿ ಬಣ್ಣದ, ಮೂತಿ ಒಳಕ್ಕೆ ಬಾಗಿದ ಒಂದು ವಸ್ತು.

"ಏನ್ ಮಾಡಿದ್ರಿ ಮೇಡಂ?"

"ಏನೂ ಮಾಡ್ಲಿಲ್ಲಮ್ಮ. ಎಂಜಲು ಹೋಗ್ಲಿ ಅಂತ ಇಡ್ಲಿ ಪಾತ್ರೇಲಿಟ್ಟು ಒಂದು ಹಬೆ ಕೊಟ್ಟೆ, ಅಷ್ಟೇ. ಈಗ ಇಡ್ಲಿ ಪಾತ್ರೆಯನ್ನೇ ಆಚೆ ಇಡೋ ಹಾಗಾಯ್ತು. ಮನೆಯವ್ರು ಇನ್ಮೇಲೆ ದೋಸೇನೇ ಇರಲಿ ಅಂತಿದಾರೆ."

ಈ ಮೌತ್‌ಪೀಸುಗಳು ಗಟ್ಟಿಗೊಳಿಸಿದ ರಬ್ಬರಿನವು. ಬಿಸಿ ತಾಗಿದರೆ ಬಣ್ಣ ಬಿಟ್ಟು ಗಂಧಕದ ನಾತ ಹೊಡೆಯುತ್ತವೆ, ಸೊಟ್ಟಗಾಗುತ್ತವೆ. ಇದನ್ನು ಹೇಳಬೇಕಾದವಳು ನಾನೇ ಆದ್ದರಿಂದ ಬೇರೊಂದು ಕೊಟ್ಟು ಕಳಿಸಿದೆ, ಬೆಂದದ್ದನ್ನು ಇಟ್ಟುಕೊಂಡೆ. ಬಿಡುವಾದಾಗ ಗಾಜಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿ, ರೀಡ್ ಕೂರುವ ಮೈಯನ್ನು ಸಮಮಾಡಿದೆ. ರೀಡ್ ಕೂತಿತು. ಆದರೆ ಮೂತಿ ಒಳಕ್ಕೆ ಬಾಗಿ ಸಂದು ತೀರ ಕಿರಿದಾಗಿಬಿಟ್ಟಿತ್ತು. ಗಟ್ಟಿ ರೀಡ್ ಹಾಕಿದರೆ ಒಳಗೆಲ್ಲೋ ಇನ್ನೂ ಸೊಟ್ಟವಿದ್ದುದರಿಂದ ಗೊರಗೊರ ಎನ್ನುತ್ತಿತ್ತು. ಮೆದು ರೀಡ್ ಹಾಕಿದರೆ ಹಲ್ಲೂರಿದ ತಕ್ಷಣ ಸಂದು ಮುಚ್ಚಿಕೊಂಡು ಮೂಕವಾಗುತ್ತಿತ್ತು. ಬಂದವರೆಲ್ಲ ಒಮ್ಮೆ ಊದಿ ನಕ್ಕು ಕೆಳಗಿಟ್ಟರು. ಕೊನೆಗೆ ಅದು ಯಜಮಾನರ ಬಿಲ್ಲುಗಳು ಹಾರದಂತೆ ತಡೆಯುವ ಕೆಲಸಕ್ಕೆ ಸೇರಿಕೊಂಡಿತು.

ನಡುವೆ ಕಾಲ ಬದಲಾಗುತ್ತ ಬಂತು. ನಾನು ಸೇರಿದಾಗ ರೀಡುಗಳು ಬಿಸ್ಕತ್ತಿನ ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಒಂದೊಂದನ್ನೂ ಬಲ್ಬಿಗೆ ಹಿಡಿದು ನರ ನೋಡಿ, ಉಗುರಲ್ಲಿ ಮೀಟಿ, ಕಿವಿಯ ಹತ್ತಿರ ತಂದು ಆರಿಸಿ ಕೊಡುತ್ತಿದ್ದೆವು. ಆಮೇಲೆ ಮೊಹರು ಹಾಕಿದ ಪೆಟ್ಟಿಗೆಗಳು ಬಂದವು. ಇನ್ನೂ ಆಮೇಲೆ, ಇಂಟರ್‌ನೆಟ್ ಸೆಂಟರಿನಲ್ಲಿ ತೆಗೆಸಿದ ಕಾಗದಗಳನ್ನು ಹಿಡಿದು, "ಮೇಡಂ, ಇದರ ಪ್ರಕಾರ ನಂದು ಇದೇ ಮೌತ್‌ಪೀಸು" ಎನ್ನುವ ಹುಡುಗರು ಬಂದರು. "ಊದಿ ನೋಡಪ್ಪ" ಎಂದರೆ, "ಇದ್ರಲ್ಲೇ ಇದೆಯಲ್ಲ ಮೇಡಂ!" ಅವರಿಗೂ ನೀರು ಕೊಡುತ್ತಿದ್ದೆ. ಕುಡಿದು ಊದಿದರೆ ಅರ್ಧ ಜನ ಕಾಗದವನ್ನು ಮಡಿಚಿ ಜೇಬಿಗಿಡುತ್ತಿದ್ದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಮುನಿಸ್ವಾಮಪ್ಪ ಬಂದರು. ಕೂಗಲಿಲ್ಲ. ಬೀದಿ ಕಡೆ ಬೆನ್ನು ತಿರುಗಿಸಿ ನಿಂತರು. ಜೊತೆಗೆ ಮೊಮ್ಮಗಳು ಚಂದ್ರಿಕಾ. ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆ ಹುಡುಗಿ ತಾತನ ಹಿಂದೆಯೇ ಛತ್ರದಿಂದ ಛತ್ರಕ್ಕೆ ಅಲೆದು, ಕ್ಲಾರಿನೆಟ್ ಪೆಟ್ಟಿಗೆಯನ್ನು ತಲೆದಿಂಬು ಮಾಡಿಕೊಂಡು ಬೆಳೆದವಳು. ನನ್ನ ಕೌಂಟರಿನ ಮೇಲೂ ನಿದ್ದೆ ಮಾಡಿದ್ದಾಳೆ.

"ಒಂದು ಹೊಶ ಮೌತ್‌ಪೀಶ್ ತೋರ್ಶವ್ವ," ಎಂದರು ಮುನಿಸ್ವಾಮಪ್ಪ. ಮಾತಿನ ಜೊತೆ ಬಾಯಲ್ಲೇನೋ ಟಕ್ ಎಂದಿತು.

"ಹಳೇದಕ್ಕೇನಾಯ್ತು?"

"ಹಳೇದು ಶರಿಯಾಗೇ ಐತೆ. ಬಾಯಿ ಹೊಶದು."

ಚಂದ್ರಿಕಾ ಬಿಡಿಸಿ ಹೇಳಿದಳು. ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಮಲ್ಲಿಕಾರ್ಜುನ, ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು, ಅಲ್ಲೇ ಹತ್ತಿರ ಆಫೀಸಿನ ಕೆಲಸ. ನಿಶ್ಚಿತಾರ್ಥಕ್ಕೆ ಬೀಗರು ತಟ್ಟೆ ತುಂಬ ಕರದಂಟು ತಂದಿದ್ದರು. ಮೆಲ್ಲಗೆ ಚೀಪಿ ತಿನ್ನಬೇಕಾದ ಆ ಗಟ್ಟಿ ಸಿಹಿಯನ್ನು ತಾತ ತಾಕತ್ತು ತೋರಿಸಲೆಂದು ಮುಂದಿನ ಹಲ್ಲಿನಲ್ಲೇ ಕಚ್ಚಿದರು. ಕರದಂಟು ಹಾಗೇ ಉಳಿಯಿತು. ಹಲ್ಲಿನ ಡಾಕ್ಟರು ನೋಡಿ, ಅಲ್ಲಾಡುತ್ತಿದ್ದ ಉಳಿದವಕ್ಕೂ ಬೀಳ್ಕೊಡುಗೆ ಮಾಡಿ, ಕಟ್ಟಿಸಿದ ಹಲ್ಲು ಕೂರಿಸಿದ್ದರು.

"ನನ್ ಮದ್ವೇಲಿ ಗಟ್ಟಿಮೇಳ ತಾತಾನೇ ಊದ್ಬೇಕು ಅಂತ ಚಿಕ್ಕವಳಿದ್ದಾಗ್ಲೇ ಮಾತಾಗಿದೆ ಆಂಟಿ," ಎಂದಳು. "ಈಗ ನಮ್ಮಪ್ಪ ಕೀಬೋರ್ಡ್ ಪಾರ್ಟಿ ನೋಡಿಟ್ಟಿದಾರೆ. ಬಟನ್ ಒತ್ತಿದ್ರೆ ಗಟ್ಟಿಮೇಳ ಬರುತ್ತಂತೆ. ಬಟನ್ ಒತ್ತಿದ್ರೆ ನಾನು ಮಣೆಯಿಂದ ಎದ್ದು ಬರ್ತೀನಿ, ಅಷ್ಟೇ."

"ಎದ್ದು ಬಂದ್ರೆ ಶಪ್ಪಲಿ ಕದ್ದುಬಿಡ್ತಾರೆ, ಕೂತ್ಕೋ," ಎಂದರು ತಾತ. ನಗಿಸಲೆಂದೇ ಹೇಳಿದ್ದು. ಆದರೆ ಅವರ ಕಣ್ಣು ನಗುತ್ತಿರಲಿಲ್ಲ. ಲಗ್ನಕ್ಕೆ ಹೆಚ್ಚು ದಿನವಿರಲಿಲ್ಲ.

ಶುರುಮಾಡಿದೆವು. ಅವರದೇ ನಾಲ್ಕು ನಂಬರ್ ಇಟ್ಟರೆ ಕುಕ್ಕರ್ ಕೂಗುವ ಮುಂಚಿನ ಬುಸ್ ಅಷ್ಟೇ. ಮೂರಕ್ಕೆ ಇಳಿಸಿದೆ, ಎರಡೂವರೆಗೆ ಇಳಿಸಿದೆ. ಕಪಾಟಿನಲ್ಲಿದ್ದ ಮೌತ್‌ಪೀಸುಗಳೆಲ್ಲ ಕೌಂಟರಿನ ಮೇಲೆ ಬಂದು ಸಾಲಾಗಿ ಕೂತವು. ಅಗಲ ಸಂದಿನದು ಇಟ್ಟರೆ ಕಚ್ಚಿದ ಬಿಗಿಗೆ ಮೇಲಿನ ಹಲ್ಲಿನ ಸಾಲು ಮುಂದಕ್ಕೆ ಜಾರುತ್ತಿತ್ತು. ಕಿರಿದಾದದ್ದು ಇಟ್ಟರೆ ಸಾಲು ಕೆಳಕ್ಕೆ ಬಿದ್ದು ಟಕ್, ಟಕ್ ಎನ್ನುತ್ತಿತ್ತು. ಒಮ್ಮೆ ಅದು ಕಿರುಚಿದ ಸದ್ದಿಗೆ ಫುಟ್‌ಪಾತಿನ ನಾಯಿ ಎದ್ದು ಉತ್ತರ ಕೊಟ್ಟಿತು.

ಯಜಮಾನರು ಈ ಗದ್ದಲಕ್ಕೆಂದು ಕಿವಿಗಿಟ್ಟುಕೊಂಡಿದ್ದ ಹತ್ತಿ ತೆಗೆದು ಆಲಿಸಿದರು. "ತಾಳ ಅಚ್ಚುಕಟ್ಟಾಗಿದೆ ಮುನಿಸ್ವಾಮಪ್ಪನವರೇ. ರಾಗ ಒಂದು ಬಂದ್ಬಿಟ್ರೆ ಆಯ್ತು."

ಮುನಿಸ್ವಾಮಪ್ಪನವರಿಗೆ ರೇಗಿತು. "ತೆಗಿ ಅತ್ಲಾಗೆ!" ಎಂದವರೇ ಎರಡೂ ಸಾಲು ಹಲ್ಲು ತೆಗೆದು ಯಜಮಾನರ ಕಾಫಿ ಸಾಸರಿನಲ್ಲಿಟ್ಟರು. ಕೆನ್ನೆ ಒಳಕ್ಕೆ ಹೋಗಿ ಮುಖ ಹಾಲುಗೂಸಿನದಾಯಿತು. ಸೋತವರ ಹಾಗೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಚಂದ್ರಿಕಾ ಅವರ ಕೋಟಿನ ಮೇಲಿನ ಧೂಳು ಒರೆಸುತ್ತ ನಿಂತಳು. ಧೂಳೇನೂ ಇರಲಿಲ್ಲ.

ಕಪಾಟು ಖಾಲಿ. ಬಿಲ್ಲುಗಳ ಮೇಲೆ ಆ ಬೆಂದ ಮೌತ್‌ಪೀಸ್ ಕೂತಿತ್ತು. ಬೇರೇನೂ ಉಳಿದಿರಲಿಲ್ಲವಾದ್ದರಿಂದ ತೊಳೆದು, ಅದೇ ಸಂಕಟದಲ್ಲಿ ಕೈಗೆ ಸಿಕ್ಕ ಶಾಲಾ ಮಕ್ಕಳ ರೀಡೊಂದನ್ನು ಬಿಗಿದು ಕೊಟ್ಟೆ. ಅವರು ಮುಖ ಕೂಡ ಎತ್ತದೆ, ಎರಡೂ ತುಟಿಗಳನ್ನು ಬೊಚ್ಚು ವಸಡಿನ ಮೇಲೆ ಮಡಿಚಿ, ಊದಿದರು.

ಏನೆಂದು ಹೇಳಲಿ! ತುಪ್ಪ ಕರಗಿ ಬಿಸಿ ಅನ್ನದ ಮೇಲೆ ಇಳಿದ ಹಾಗೆ ಒಂದು ಸ್ವರ ಅಂಗಡಿಯ ತುಂಬ ಇಳಿಯಿತು. ಮುನಿಸ್ವಾಮಪ್ಪ ಬೆಚ್ಚಿ ವಾದ್ಯವನ್ನು ಬಾಯಿಂದ ತೆಗೆದು, ಬೇರೆ ಯಾರಾದರೂ ಊದಿದರೇನೋ ಎಂಬಂತೆ ಸುತ್ತ ನೋಡಿದರು. ಮತ್ತೆ ಊದಿದರು. ತುಟಿಯ ಒಂದು ಸಣ್ಣ ಸಡಿಲಿಗೆ ಸ್ವರ ಬಳುಕಿ ಜಾರಿತು, ಇನ್ನೊಂದು ಬಿಗಿಗೆ ಏರಿತು. ಗೋಡೆಯಾಚೆಯಿಂದ ದನಿ ಬಂತು: "ಅಕ್ಕಾ, ಬಾತುಕೋಳಿ ಸಂಗೀತ ಕಲಿತುಬಿಡ್ತು!"

ಕಾರಣ ಹೊಳೆದಾಗ ನನಗೆ ಕುಣಿಯುವ ಹಾಗಾಯಿತು. ಹಲ್ಲಿದ್ದವರೆಲ್ಲ ಕಚ್ಚುತ್ತಿದ್ದರು, ಆ ಕಿರಿ ಸಂದು ಮುಚ್ಚಿಹೋಗುತ್ತಿತ್ತು. ಇವರಿಗೆ ಕಚ್ಚಲು ಏನೂ ಇರಲಿಲ್ಲ! ಬರೀ ತುಟಿಯ ಮೆತ್ತೆಯ ಮೇಲೆ ಆ ಮೆದು ರೀಡ್ ಆರಾಮವಾಗಿ ಆಡುತ್ತಿತ್ತು. ಯಾರ ಬಾಯಿಗೂ ಆಗದೆ ಬಿದ್ದಿದ್ದು ಈ ಬಾಯಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

"ನಂಬರ್ ಎಷ್ಟವ್ವಾ ಇದು?" ಹಲ್ಲಿಲ್ಲದ ಬಾಯಲ್ಲಿ ಕೇಳಿದರು.

ನಾನು ಯಜಮಾನರ ಮುಖ ನೋಡಿದೆ. ಅವರು ಕಿವಿಗೆ ಹತ್ತಿ ಇಟ್ಟುಕೊಂಡರು.

"ಒಂದೂವರೆ."

ಮುನಿಸ್ವಾಮಪ್ಪ ರೀಡನ್ನು ಚೇಳಿನಂತೆ ದೂರ ಹಿಡಿದರು. "ಇಸ್ಕೂಲ್ ಮಕ್ಳು ಊದೋದಲ್ವಾ ಇದು!"

"ನೀನು ಹಲ್ಲಿಲ್ಲದ ಮಗೂನೇ ಅಲ್ವಾ ತಾತ," ಎಂದಳು ಚಂದ್ರಿಕಾ. "ವಯಸ್ಸಿಗೆ ಸರಿಯಾಗಿದೆ."

ಅವರು ನಕ್ಕ ರಭಸಕ್ಕೆ ಸ್ಟೂಲು ಹಿಂದಕ್ಕೆ ಜರುಗಿತು. ಒಂದೇ ಒಂದು ಷರತ್ತು ಹಾಕಿದರು: ನಂಬರ್ ಯಾರಿಗೂ ಕಾಣಕೂಡದು. "ನಮ್ಮ ಡೋಲಿನ ಕೆಂಚಪ್ಪ ನೋಡಿದ್ರೆ ಸಿದ್ದಾಪುರಕ್ಕೆಲ್ಲ ಬಾರಿಸಿಬಿಡ್ತಾನೆ." ನಾನು ಬ್ಲೇಡಿನಿಂದ ಅಂಕಿಯನ್ನು ಕೆರೆದು ಕೊಟ್ಟೆ. ಲಗ್ನದ ತನಕ ದಿನವೂ ಬಂದು ಪರದೆಯ ಹಿಂದೆ ಅಭ್ಯಾಸ ಮಾಡಿದರು. ಆ ರೀಡಿನಲ್ಲಿ ಒಂದೇ ಕಷ್ಟ. ತುಟಿ ಸ್ವಲ್ಪ ನಡುಗಿದರೂ, ಬಾಯಂಚು ನಗುವಿಗೆ ಎಳೆದರೂ ಸ್ವರ ಹಾರಿಹೋಗುತ್ತಿತ್ತು. ಅದಕ್ಕೇ ಅಭ್ಯಾಸದ ಹೊತ್ತಿನಲ್ಲಿ ಯಜಮಾನರು ಮಾತಾಡದಂತೆ ಚಂದ್ರಿಕಾ ಕಾವಲಿರುತ್ತಿದ್ದಳು.

ಮದುವೆ ಬನಶಂಕರಿಯ ಒಂದು ಛತ್ರದಲ್ಲಿ. ಯಜಮಾನರು ಅಂಗಡಿಗೆ ಬೀಗ ಹಾಕಿ ಬಂದರು. ಮುನಿಸ್ವಾಮಪ್ಪನವರ ಒತ್ತಾಯಕ್ಕೆ ವನಜಾಕ್ಷಮ್ಮನವರಿಗೂ ಕರೆ ಹೋಗಿತ್ತು. ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿ, "ತಾಯಿ, ನೀವು ಬೇಯಿಸದಿದ್ರೆ ನಾನು ಇವತ್ತು ಊದ್ತಿರ್ಲಿಲ್ಲ" ಎಂದು ಕೈಮುಗಿದರು. ಆಕೆಗೆ ತಲೆಬುಡ ತಿಳಿಯದಿದ್ದರೂ, "ಅದಕ್ಕೇನಂತೆ, ಇನ್ನೊಂದಿದ್ರೆ ಕೊಡಿ, ಬೇಯಿಸಿ ಕೊಡ್ತೀನಿ" ಎಂದರು.

ಬೀಗರ ಮುಂದೆ ಬೊಚ್ಚು ಬಾಯಲ್ಲಿ ಓಡಾಡಲು ಮುನಿಸ್ವಾಮಪ್ಪನವರಿಗೆ ಮನಸ್ಸಿರಲಿಲ್ಲ. ಹಲ್ಲು ಹಾಕಿಕೊಂಡೇ ಎಲ್ಲರನ್ನೂ ಎದುರುಗೊಂಡರು. ಮತ್ತೆ ಬಂದ ಕರದಂಟಿಗೆ ದೂರದಿಂದಲೇ ನಮಸ್ಕಾರ ಹಾಕಿದರು. ಮಂಟಪದ ಅಂಚಿನಲ್ಲಿ ಮೇಳದ ಜೊತೆ ಕುಳಿತ ಮೇಲೆ, ಮುಹೂರ್ತ ಹತ್ತಿರವಾದಾಗ ಹಲ್ಲು ತೆಗೆದು ಜೇಬಿಗೆ ಹಾಕುವುದು ಯೋಜನೆ. ಹಾಗೇ ತೆಗೆದರು. ಜೇಬು ತಡಕಿದರು. ಮೊಮ್ಮಗಳು ಹೊಲಿಸಿಕೊಟ್ಟಿದ್ದ ಹೊಸ ರೇಷ್ಮೆ ಜುಬ್ಬಕ್ಕೆ ಜೇಬೇ ಇರಲಿಲ್ಲ.

ಅಷ್ಟರಲ್ಲಿ ಸೋದರಮಾವ ಮದುಮಗಳನ್ನು ಕರೆತಂದ. ತಾತ ಪಕ್ಕದ ತಟ್ಟೆಯಿಂದ ವೀಳ್ಯದೆಲೆ ಎಳೆದು, ಮೇಲಿನ ಸಾಲನ್ನು ಸುತ್ತಿ, ಕಾಲು ಮುಟ್ಟಲು ಬಾಗಿದ ಅವಳ ಕೈಗೆ ತುರುಕಿದರು. "ಒಂದ್ನಿಮಿಷ ಇಟ್ಕೊಳವ್ವ." ಕೆಳಗಿನ ಸಾಲನ್ನು ಕೆಂಚಪ್ಪ ತನ್ನ ಟವೆಲಿನ ಅಂಚಿಗೆ ಗಂಟು ಹಾಕಿಕೊಂಡ.

ನಮ್ಮ ಕಡೆ ಮದುವೆ ನೋಡಿದವರಿಗೆ ಮುಂದಿನದು ಗೊತ್ತು. ವಧು ವರರ ನಡುವೆ ಅಂತರಪಟ ಹಿಡಿಯುತ್ತಾರೆ. ಇಬ್ಬರ ಕೈಗೂ ವೀಳ್ಯದೆಲೆಯಲ್ಲಿ ಜೀರಿಗೆ ಬೆಲ್ಲ ಕೊಡುತ್ತಾರೆ. ಪರದೆ ಸರಿದೊಡನೆ ಒಬ್ಬರ ತಲೆಯ ಮೇಲೊಬ್ಬರು ಹಾಕಬೇಕು. ಚಂದ್ರಿಕಾಳ ಎಡಗೈಯಲ್ಲಿ ತಾತನ ಎಲೆ, ಬಲಗೈಯಲ್ಲಿ ಬೆಲ್ಲದ ಎಲೆ. ಹೆಂಗಸರು ಹಾರ ಸರಿಮಾಡಿದರು, ಕೈ ಹಿಡಿದು ಎಳೆದರು, ಯಾರೋ ಬಳೆ ಹಿಂದಕ್ಕೆ ತಳ್ಳಿದರು. ಎಲೆ ಯಾವುದು ಯಾವ ಕೈಗೆ ಹೋಯಿತೋ ದೇವರೇ ಬಲ್ಲ.

"ಗಟ್ಟಿಮೇಳ, ಗಟ್ಟಿಮೇಳ!" ಎಂದರು ಪುರೋಹಿತರು. ಪರದೆ ಸರಿಯಿತು. ಮುನಿಸ್ವಾಮಪ್ಪ ಊದಿದರು. ಛತ್ರಕ್ಕೆ ಛತ್ರವೇ ತಲೆಯೆತ್ತಿತು. ನಾಲ್ಕು ನಂಬರಿನ ಕಾಲದಲ್ಲಿ ಅವರ ವಾದ್ಯ ಅಬ್ಬರಿಸುತ್ತಿತ್ತು. ಇವತ್ತು ಮಗುವನ್ನು ಎತ್ತಿ ಆಡಿಸುತ್ತಿತ್ತು. ಚಂದ್ರಿಕಾ ಕೈ ಚಾಚಿ ವರನ ತಲೆಯ ಮೇಲೆ ಎಲೆ ಬಿಚ್ಚಿ ಒತ್ತಿದಳು. ಅವನ ಪೇಟದ ಮೇಲೆ, ಅಂದವಾಗಿ, ಒಂದು ಸಾಲು ಹಲ್ಲು ಕುಳಿತುಕೊಂಡಿತು.

ಹತ್ತಿರದವರೆಲ್ಲ ಕತ್ತು ಚಾಚಿದರು, ಮೇಳ ನಡೆಯುತ್ತಲೇ ಇತ್ತು. ಮಲ್ಲಿಕಾರ್ಜುನ ಮೆಲ್ಲಗೆ ಕೈಯೆತ್ತಿ ಪೇಟದಿಂದ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಜೀರಿಗೆ ಬೆಲ್ಲದ ಪದ್ಧತಿಯೇ ಅವನಿಗೆ ಹೊಸದು. ಬಹಳ ಗೌರವದಿಂದ ಪುರೋಹಿತರ ಕಡೆ ತಿರುಗಿ ಹೇಳಿದ: "ಬೆಲ್ಲಾನೂ ಕೊಟ್ಟು, ಕಡೀಲಿಕ್ಕ ಹಲ್ಲೂ ಕೊಡ್ತೀರಲ್ರೀ! ನಿಮ್ಮ ಕಡೆ ಪದ್ಧತಿ ಭಾಳ ಛಲೋ ಅದ ಬಿಡ್ರಿ."

ಛತ್ರ ಒಡೆದುಹೋಯಿತು. ಪುರೋಹಿತರ ಮಂತ್ರ ನಗುವಿನೊಳಗೆ ಸೇರಿಹೋಯಿತು. ವನಜಾಕ್ಷಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಕೆಂಚಪ್ಪನ ಡೋಲು ಒಂದು ಪೆಟ್ಟು ತಪ್ಪಿತು. ಮುನಿಸ್ವಾಮಪ್ಪನವರೂ ಎಲ್ಲ ನೋಡಿಬಿಟ್ಟಿದ್ದರು! ಬಾಯಂಚು ಒಂದೆಳೆ ಜರುಗಿದರೆ ಸಾಕು, ತಾಳಿಗೆ ಮೇಳವೇ ಇಲ್ಲ. ಮೂಲೆಯಲ್ಲಿ ಚಂದ್ರಿಕಾಳ ಅಪ್ಪ ಎಚ್ಚರಿಕೆಗೆಂದು ಕರೆಸಿದ್ದ ಕೀಬೋರ್ಡಿನವನು ಆಗಲೇ ಬಟನ್ ಮೇಲೆ ಬೆರಳಿಟ್ಟುಕೊಂಡಿದ್ದ.

"ನಗಿಸ್ಬೇಡ್ರೋ ಅವರನ್ನ, ಯಾರೂ ನಗಿಸ್ಬೇಡ್ರೋ!" ಎಂದು ನಮ್ಮ ಯಜಮಾನರು ಕುರ್ಚಿ ಹತ್ತಿ ನಿಂತು ಕೂಗಿದರು. ಅದರಿಂದ ನಗು ಇಮ್ಮಡಿಯಾಯಿತು.

ಮುನಿಸ್ವಾಮಪ್ಪ ಕಣ್ಣುಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು, ಮುಖ ಕೆಂಪಡರಿತ್ತು, ಮುಚ್ಚಿದ ರೆಪ್ಪೆಗಳಿಂದ ನೀರು ಇಳಿದು ಜುಬ್ಬ ತೋಯಿಸುತ್ತಿತ್ತು. ತುಟಿ ಮಾತ್ರ ಆ ಬೆಂದ ಮೌತ್‌ಪೀಸಿನ ಸುತ್ತ ಕಲ್ಲಿನಲ್ಲಿ ಕೊರೆದಂತಿತ್ತು. ವರ ಹಲ್ಲನ್ನು ಶಲ್ಯಕ್ಕೆ ಸಿಕ್ಕಿಸಿಕೊಂಡು ತಾಳಿ ಎತ್ತಿಕೊಂಡ. ಮೊದಲ ಗಂಟು ಬಿತ್ತು, ಎರಡನೆಯದು ಬಿತ್ತು, ಮೂರನೆಯದಕ್ಕೆ ಮಲ್ಲಿಕಾರ್ಜುನನ ಕೈಯೇ ನಗುತ್ತಿತ್ತು, ಅದೂ ಬಿತ್ತು. ಸ್ವರ ಎಲ್ಲೂ ತುಂಡಾಗಲಿಲ್ಲ.

ಆಮೇಲೆ ಕ್ಲಾರಿನೆಟ್ಟನ್ನು ಮೆಲ್ಲಗೆ ತೊಡೆಯ ಮೇಲೆ ಮಲಗಿಸಿದರು. ಎರಡೂ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡೇ ಮೊಮ್ಮಗಳ ಗಂಡನ ಕಡೆ ಕೈ ಚಾಚಿದರು. ಅವನು ಎದ್ದು ಬಂದು, ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಲ್ಲನ್ನು ಒಪ್ಪಿಸಿದ. ಅವನ ಕೈಯಿಂದ ಅಂಟಿದ್ದ ಬೆಲ್ಲವನ್ನು ಜುಬ್ಬದ ಅಂಚಿನಲ್ಲಿ ಒರೆಸಿ, ಕೆಂಚಪ್ಪ ಕೊಟ್ಟ ಕೆಳಗಿನ ಸಾಲಿನ ಜೊತೆ ಬಾಯಿಗೆ ಹಾಕಿ ಕೂರಿಸಿಕೊಂಡು, ಟಕ್ ಎನಿಸಿ, ಮುನಿಸ್ವಾಮಪ್ಪ ಮಂಟಪವನ್ನೆಲ್ಲ ಒಮ್ಮೆ ನೋಡಿದರು.

"ಹಾಂ, ಈಗ ನಾನೂ ನಗ್ತೀನಿ," ಎಂದರು.